ಒಂದು ಚೀಟಿ, ಮೂರು ಸಾಲು: ಅಡಿಕೆ ಅಂಗಡಿಯ ಲೆಕ್ಕಕ್ಕೆ ಪವರ್ ಬಿಐ ಹೇಗಿದೆ?

ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ಲೆಕ್ಕದಲ್ಲಿ ಒಂದು ಚೀಟಿಯ ಕೆಳಗೆ ಹಲವು ಸಾಲು ಬರುತ್ತವೆ, ತಿಂಗಳ ಕೊನೆಗೆ ಎರಡನ್ನೂ ಸೇರಿಸಿ ರಿಪೋರ್ಟ್ ಮಾಡಬೇಕು ಎಂದಾದರೆ, ಮೈಕ್ರೋಸಾಫ್ಟಿನ ಪವರ್ ಬಿಐ ಡೆಸ್ಕ್‌ಟಾಪ್ ಎನ್ನುವ ರಿಪೋರ್ಟ್ ತಯಾರಿಸುವ ಪ್ರೋಗ್ರಾಮ್ ಕಲಿಯಿರಿ. ಡೆಸ್ಕ್‌ಟಾಪ್‌ಗೆ ದುಡ್ಡು ಕೊಡಬೇಕಾಗಿಲ್ಲ, ವಿಂಡೋಸ್ ಇರುವ ಕಂಪ್ಯೂಟರ್ ಒಂದಿದ್ದರೆ ಆಯಿತು. ಅದರ ಬಣ್ಣಬಣ್ಣದ ಚಾರ್ಟುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಚೀಟಿ ಮತ್ತು ಸಾಲಿನ ವಿಷಯ ಮಾತ್ರ, ಅಂದರೆ ಕಂಪ್ಯೂಟರಿನವರು ಪೇರೆಂಟ್ ಮತ್ತು ಚೈಲ್ಡ್ ರೆಕಾರ್ಡ್ ಎನ್ನುತ್ತಾರಲ್ಲ, ಅದು. ಅದು ಇದರಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ, ಎಲ್ಲಿ ಸ್ವಲ್ಪ ಕಷ್ಟ ಕೊಡುತ್ತದೆ, ನೋಡೋಣ.

ಕಾಸರಗೋಡಿನ ಈ ಕಡೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಅಡಿಕೆ ಖರೀದಿ ಅಂಗಡಿಗಳಿಗೆ ತಿಂಗಳ ಲೆಕ್ಕ ತಯಾರು ಮಾಡಿಕೊಡುವುದು ನನ್ನ ಕೆಲಸ. ಅಡಿಕೆ ಅಂಗಡಿಯ ಚೀಟಿ ನೋಡಿದವರಿಗೆ ಅದರ ರೂಪ ಗೊತ್ತು. ಮೇಲೆ ಕೃಷಿಕರ ಹೆಸರು, ಮನೆ ಹೆಸರು, ತಾರೀಕು, ಚೀಟಿ ನಂಬರು. ಅದರ ಕೆಳಗೆ ತಂದ ಅಡಿಕೆಯ ಬಗೆಗಳು. ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಒಂದೊಂದಕ್ಕೂ ಬೇರೆ ತೂಕ, ಬೇರೆ ಧಾರಣೆ. ಕಡೆಗೆ ಇಡೀ ಚೀಟಿಗೆ ಸೇರಿದ ಎರಡು ಕಳೆಯುವ ಲೆಕ್ಕ: ಮೊದಲೇ ತೆಗೆದುಕೊಂಡ ಎಡ್ವಾನ್ಸ್, ಮತ್ತೆ ಮನೆಯಿಂದ ಗೋಣಿ ತರಿಸಿದ ಗಾಡಿ ಬಾಡಿಗೆ. ಈ ಎರಡು ಯಾವ ಒಂದು ಬಗೆಗೂ ಸೇರಿದ್ದಲ್ಲ, ಚೀಟಿಗೆ ಸೇರಿದ್ದು. ಎಲ್ಲ ತೊಂದರೆ ಹುಟ್ಟುವುದು ಇಲ್ಲಿಂದಲೇ.

ಒಂದು ಚೀಟಿ ತೆಗೆದುಕೊಳ್ಳೋಣ. ಧಾರಣೆ ಸುಮ್ನೆ ಲೆಕ್ಕ ಸುಲಭವಾಗಲಿ ಎಂದು ಇಟ್ಟದ್ದು, ಪೇಟೆಯ ದರ ಅಂತ ತಿಳಿಯಬೇಡಿ. ಚಾಲಿ 40 ಕಿಲೋ, 400 ರೂಪಾಯಿಯಂತೆ 16,000. ಪಟೋರ 12 ಕಿಲೋ, 300ರಂತೆ 3,600. ಕರಿಗೋಟು 8 ಕಿಲೋ, 200ರಂತೆ 1,600. ಒಟ್ಟು 21,200. ಎಡ್ವಾನ್ಸ್ 5,000, ಗಾಡಿ ಬಾಡಿಗೆ 300 ಕಳೆದರೆ ಕೃಷಿಕರ ಕೈಗೆ ಬರಬೇಕಾದದ್ದು 15,900.

ಈಗ ಇದನ್ನೇ ಎಕ್ಸೆಲ್ ಫೈಲಾಗಿ ಹೊರಗೆ ತೆಗೆದರೆ ಏನಾಗುತ್ತದೆ? ಅಂಗಡಿಗಳಲ್ಲಿರುವ ಬಿಲ್ಲಿಂಗ್ ಸಾಫ್ಟ್‌ವೇರುಗಳಲ್ಲಿ ಹೆಚ್ಚಿನವು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೊಡುತ್ತವೆ. ಮೂರು ಬಗೆ ಇದೆ, ಹಾಗಾಗಿ ಮೂರು ಸಾಲು. ಮೂರು ಸಾಲಿನಲ್ಲೂ ಎಡ್ವಾನ್ಸ್ ಕಾಲಮ್ಮಿನಲ್ಲಿ 5,000, ಬಾಡಿಗೆ ಕಾಲಮ್ಮಿನಲ್ಲಿ 300. ಕೆಳಗೆ ಮೊತ್ತ ಹಾಕಿದರೆ ಎಡ್ವಾನ್ಸ್ 15,000, ಬಾಡಿಗೆ 900 ಆಯಿತು. ಕೃಷಿಕರಿಗೆ ಬಾಕಿ ಬರೇ 5,300 ಎಂದು ರಿಪೋರ್ಟ್ ಹೇಳುತ್ತದೆ. ಒಂದು ಚೀಟಿಯಲ್ಲಾದರೆ ಕಣ್ಣಿಗೆ ಬೀಳುತ್ತದೆ. ಇಡೀ ಸೀಸನ್ನಿನ ಚೀಟಿಗಳಲ್ಲಿ ಬೀಳುವುದಿಲ್ಲ, ಯಾಕೆಂದರೆ ಒಂದೇ ಬಗೆ ತಂದವರ ಲೆಕ್ಕ ಸರಿಯಾಗಿಯೇ ಇರುತ್ತದೆ, ಹೆಚ್ಚು ಬಗೆ ತಂದವರದ್ದು ಮಾತ್ರ ಕೆಡುತ್ತದೆ. ಬಾಡಿಗೆಯ ಬಾಬ್ತು ಈ ವರ್ಷ ಯಾಕೆ ಇಷ್ಟು ಜಾಸ್ತಿ ಎಂದು ಅಂಗಡಿಯವರು ಗಾಡಿಯವನನ್ನು ಕೇಳುವಷ್ಟರ ಮಟ್ಟಿಗೆ ಹೋಗುತ್ತದೆ ಇದು. ಕೃಷಿಕರ ದುಡ್ಡಿನ ಲೆಕ್ಕ ಅಲ್ವಾ, ವರ್ಷವಿಡೀ ತೋಟದಲ್ಲಿ ದುಡಿದು, ಮದ್ದು ಬಿಟ್ಟು, ಒಣಗಿಸಿ ಸುಲಿದು ತಂದ ಅಡಿಕೆ. ಅದರಲ್ಲಿ ತಪ್ಪು ಬರಬಾರದು.

ಕೆಲವರು ಇದಕ್ಕೆ ಒಂದು ಅಡ್ಡದಾರಿ ಹಿಡಿಯುತ್ತಾರೆ. ಬಾಡಿಗೆಯನ್ನು ಕೂಡಿಸುವ ಬದಲು ಮ್ಯಾಕ್ಸಿಮಮ್ ಎಂದು ಇಡುತ್ತಾರೆ. ಪ್ರತಿ ಚೀಟಿಯ ಎದುರು 300 ಎಂದು ಸರಿಯಾಗಿಯೇ ಕಾಣಿಸುತ್ತದೆ. ಆದರೆ ಕೊನೆಯ ಒಟ್ಟಿನಲ್ಲಿ ಎಲ್ಲ ಚೀಟಿಗಳ ಪೈಕಿ ದೊಡ್ಡ ಬಾಡಿಗೆ ಯಾವುದೋ ಅದೊಂದೇ ಬರುತ್ತದೆ. ಪವರ್ ಬಿಐ ಬಳಸುವವರು ಮೊದಲು ತಿಳಿಯಬೇಕಾದ ಸಂಗತಿ ಇದು: ಅದರಲ್ಲಿ ಕೊನೆಯ ಒಟ್ಟು ಮೇಲಿನ ಸಾಲುಗಳನ್ನು ಕೂಡಿಸಿ ಬರುವುದಲ್ಲ. ಅದೇ ಫಾರ್ಮುಲಾವನ್ನು ಇಡೀ ಟೇಬಲ್ಲಿಗೆ ಹೊಸದಾಗಿ ಹಾಕಿ ಬರುವುದು. ಇದು ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು.

ಸರಿಯಾದ ದಾರಿ ಎಂದರೆ ಒಂದು ಹಾಳೆಯನ್ನು ಎರಡು ಟೇಬಲ್ ಮಾಡುವುದು. ಪವರ್ ಬಿಐ ಒಳಗೇ ಇರುವ, ಫೈಲಿನ ಡೇಟಾವನ್ನು ಲೋಡ್ ಆಗುವ ಮೊದಲೇ ತಿದ್ದಿಕೊಳ್ಳುವ ಪವರ್ ಕ್ವೆರಿಯಲ್ಲಿ ಇದು ಸಲೀಸು. ಮೂಲ ಹಾಳೆಗೆ ಎರಡು ರೆಫರೆನ್ಸ್, ಅಂದರೆ ಅದನ್ನೇ ಆಧರಿಸಿದ ಎರಡು ಪ್ರತಿ ತೆಗೆದುಕೊಳ್ಳಿ. ಒಂದರಲ್ಲಿ ಚೀಟಿ ನಂಬರು, ತಾರೀಕು, ಕೃಷಿಕರ ಐಡಿ, ಎಡ್ವಾನ್ಸ್, ಬಾಡಿಗೆ ಮಾತ್ರ ಉಳಿಸಿ, ಒಂದೇ ಚೀಟಿ ಮತ್ತೆ ಮತ್ತೆ ಬಂದದ್ದನ್ನು ತೆಗೆದುಹಾಕಿ. ಇನ್ನೊಂದರಲ್ಲಿ ಚೀಟಿ ನಂಬರು, ಬಗೆ, ತೂಕ, ಧಾರಣೆ ಮಾತ್ರ ಉಳಿಸಿ. ಆಮೇಲೆ ಟೇಬಲ್ಲುಗಳನ್ನೂ ಅವುಗಳ ಸಂಬಂಧವನ್ನೂ ತೋರಿಸುವ ಮಾಡೆಲ್ ವ್ಯೂಗೆ ಹೋಗಿ ಚೀಟಿ ನಂಬರಿನಿಂದ ಚೀಟಿ ನಂಬರಿಗೆ ಗೆರೆ ಎಳೆಯಿರಿ. ಚೀಟಿಯ ತುದಿಯಲ್ಲಿ 1, ಸಾಲಿನ ತುದಿಯಲ್ಲಿ ನಕ್ಷತ್ರದ ಗುರುತು ಕಾಣಿಸಿದರೆ ಆಯಿತು. ಒಂದಕ್ಕೆ ಹಲವು. ಒಮ್ಮೆ ಹೀಗೆ ಮಾಡಿಟ್ಟರೆ ಮುಂದಿನ ತಿಂಗಳು ಹೊಸ ಫೈಲ್ ಅದೇ ಹೆಸರಿನಲ್ಲಿ ಅದೇ ಜಾಗದಲ್ಲಿ ಇಟ್ಟು ರಿಫ್ರೆಶ್ ಒತ್ತಿದರೆ ಸಾಕು, ಒಡೆಯುವ ಕೆಲಸ ತನ್ನಿಂದ ತಾನೇ ಆಗುತ್ತದೆ. ಎಕ್ಸೆಲ್ಲಿನಲ್ಲಿ ಕಾಪಿ ಪೇಸ್ಟ್ ಮಾಡಿ ಕೈ ಸೋತವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಫೈಲ್ ಲೋಡ್ ಮಾಡುವಾಗ ಅದು ತಾನಾಗಿಯೇ ಸಂಬಂಧ ಊಹಿಸಿ ಗೆರೆ ಎಳೆಯುವುದೂ ಉಂಟು, ಕಾಲಮ್ಮಿನ ಹೆಸರು ನೋಡಿಕೊಂಡು. ಅದನ್ನು ನಂಬಿ ಕೂರಬೇಡಿ, ಮ್ಯಾನೇಜ್ ರಿಲೇಶನ್‌ಶಿಪ್ಸ್ ತೆರೆದು ಒಂದೊಂದನ್ನೇ ನೋಡಿಕೊಳ್ಳಿ.

ಈಗ ಕೀಲಿಯ ವಿಷಯ, ಅಂದರೆ ಎರಡು ಟೇಬಲ್ಲನ್ನು ಜೋಡಿಸುವ ಕಾಲಮ್ಮಿನ ವಿಷಯ. ನಮ್ಮ ಕಡೆಯ ಅಂಗಡಿಗಳಲ್ಲಿ ಇದು ನಿಜಕ್ಕೂ ದೊಡ್ಡ ವಿಷಯ. ಚೀಟಿ ಪುಸ್ತಕ ಪ್ರತಿ ಏಪ್ರಿಲ್ 1ಕ್ಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಬದಿಯಡ್ಕದ ಅಂಗಡಿಯಲ್ಲೂ 101 ಇರುತ್ತದೆ, ಪೆರ್ಲದ ಅಂಗಡಿಯಲ್ಲೂ 101 ಇರುತ್ತದೆ. ಬರೇ ಚೀಟಿ ನಂಬರನ್ನು ಕೀಲಿ ಮಾಡಿದರೆ ಪವರ್ ಬಿಐ ಎರಡೂ ಕಡೆ ಒಂದೇ ನಂಬರು ಹಲವು ಸಲ ಇದೆ ಎಂದು ಎಚ್ಚರಿಸಿ ಹಲವಕ್ಕೆ ಹಲವು ಸಂಬಂಧ ಮಾಡಲು ಹೊರಡುತ್ತದೆ. ಆ ಎಚ್ಚರಿಕೆ ಬಂದಾಗ ಓಕೆ ಒತ್ತಿ ಮುಂದೆ ಹೋಗಬೇಡಿ, ದಯವಿಟ್ಟು. ಅದು ನಿಮ್ಮ ಕೀಲಿ ಸರಿಯಿಲ್ಲ ಎಂದು ಹೇಳುತ್ತಿದೆ. ಅಂಗಡಿಯ ಗುರುತು, ವರ್ಷ, ಚೀಟಿ ನಂಬರು ಮೂರನ್ನೂ ಸೇರಿಸಿ ಮೂಲ ಹಾಳೆಯಲ್ಲೇ ಒಂದು ಕಾಲಮ್ ಮಾಡಿ, ಎರಡೂ ಟೇಬಲ್ಲಿನಲ್ಲಿ ಅದನ್ನು ಉಳಿಸಿ. ಅದನ್ನೇ ಕೀಲಿ ಮಾಡಿ. ಹೀಗೆ ಮಾಡಿದ ಮೇಲೂ ಮುಂದೆ ಯಾವತ್ತಾದರೂ ಒಂದೇ ನಂಬರಿನ ಎರಡು ಚೀಟಿ ಬಂದರೆ ರಿಫ್ರೆಶ್ ನಿಂತುಹೋಗುತ್ತದೆ. ಸಿಟ್ಟು ಬರುತ್ತದೆ ನಿಜ, ತಿಂಗಳ ಕೊನೆಯ ಗಡಿಬಿಡಿಯಲ್ಲಿ ಹೀಗಾದರೆ ಯಾರಿಗೆ ಬರುವುದಿಲ್ಲ? ಆದರೂ ತಪ್ಪು ಲೆಕ್ಕ ಸುಮ್ಮನೆ ಒಳಗೆ ಹೋಗುವುದಕ್ಕಿಂತ ಅದು ನಿಲ್ಲುವುದೇ ಒಳ್ಳೆಯದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಒಂದು ಸಣ್ಣ ಸಂಗತಿ, ಗೊತ್ತಿಲ್ಲದಿದ್ದರೆ ಗಂಟೆಗಟ್ಟಲೆ ತಲೆ ಕೆಡುತ್ತದೆ. ಪವರ್ ಕ್ವೆರಿಗೆ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ಲೋಡ್ ಆದ ಮೇಲಿನ ಮಾಡೆಲ್ಲಿಗೆ ಎರಡೂ ಒಂದೇ. ಪೆರ್ಲದ ಗುರುತನ್ನು ಒಬ್ಬರು ದೊಡ್ಡ ಪಿ ಹಾಕಿ, ಇನ್ನೊಬ್ಬರು ಸಣ್ಣ ಪಿ ಹಾಕಿ ಟೈಪ್ ಮಾಡಿದ್ದರೆ ಪವರ್ ಕ್ವೆರಿ ಅವನ್ನು ಬೇರೆ ಬೇರೆ ಚೀಟಿ ಎಂದು ಉಳಿಸುತ್ತದೆ, ಮಾಡೆಲ್ ಒಂದೇ ಚೀಟಿ ಎರಡು ಸಲ ಬಂತು ಎಂದು ತಗಾದೆ ತೆಗೆಯುತ್ತದೆ. ಕೀಲಿಯ ಕಾಲಮ್ಮನ್ನು ಮೊದಲೇ ಪೂರ್ತಿ ದೊಡ್ಡಕ್ಷರ ಮಾಡಿಬಿಡಿ, ಹಿಂದೆ ಮುಂದೆ ಉಳಿದ ಖಾಲಿ ಜಾಗ ತೆಗೆದುಬಿಡಿ.

ಕೃಷಿಕರ ಹೆಸರನ್ನಂತೂ ಕೀಲಿ ಮಾಡಲೇಬೇಡಿ. ಒಂದು ಅಂಗಡಿಯಲ್ಲಿ ಕನ್ನಡದಲ್ಲಿ ಟೈಪ್ ಮಾಡುತ್ತಾರೆ, ಇನ್ನೊಂದರಲ್ಲಿ ಮಲಯಾಳದಲ್ಲಿ, ಮತ್ತೊಂದರಲ್ಲಿ ಇಂಗ್ಲಿಷಿನಲ್ಲಿ. ಒಬ್ಬರೇ ಮೂರು ಜನ ಆಗುತ್ತಾರೆ. ಅದೇ ಊರಿನಲ್ಲಿ ಒಂದೇ ಹೆಸರಿನ ನಾಲ್ಕು ಜನ ಇದ್ದು ಮನೆ ಹೆಸರಿನಿಂದ ಮಾತ್ರ ಗುರುತಾಗುವುದೂ ಉಂಟು. ಪ್ರತಿ ಕೃಷಿಕರಿಗೆ ಒಂದು ಐಡಿ ಕೊಟ್ಟು ಕೃಷಿಕರ ಟೇಬಲ್ ಬೇರೆ ಮಾಡಿ, ಅದರಲ್ಲಿ ಹೆಸರು ಯಾವ ಲಿಪಿಯಲ್ಲಿ ಬೇಕೋ ಹಾಗೆ ಒಂದು ಸಲ ಬರೆದಿಡಿ. ಕನ್ನಡ ಅಕ್ಷರ ರಿಪೋರ್ಟಿನಲ್ಲಿ ಚೆನ್ನಾಗಿಯೇ ಬರುತ್ತದೆ, ಆ ಚಿಂತೆ ಬೇಡ.

ಗೆರೆ ಎಳೆದಾಯಿತು, ರಿಪೋರ್ಟಿನಲ್ಲಿ ಮ್ಯಾಟ್ರಿಕ್ಸ್, ಅಂದರೆ ಮಟ್ಟ ಮಟ್ಟವಾಗಿ ಬಿಚ್ಚಿ ನೋಡುವ ಪಟ್ಟಿ ಹಾಕಿದೆವು. ಸಾಲುಗಳ ಜಾಗದಲ್ಲಿ ಮೊದಲು ಕೃಷಿಕರು, ಅದರ ಕೆಳಗೆ ಚೀಟಿ ನಂಬರು, ಅದರ ಕೆಳಗೆ ಬಗೆ. ಪ್ಲಸ್ ಗುರುತು ಒತ್ತಿದರೆ ಬಿಚ್ಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಮಡಚಿಕೊಳ್ಳುತ್ತದೆ. ಅಂಗಡಿಯ ಯಜಮಾನರಿಗೆ ಇದು ತುಂಬಾ ಇಷ್ಟವಾಗುವ ಭಾಗ. ಅಡಿಕೆಯ ಮೊತ್ತ ಚೀಟಿಯ ಮಟ್ಟದಲ್ಲಿ 21,200, ಬಾಡಿಗೆ 300. ಎರಡೂ ಸರಿ. ಕೃಷಿಕರ ಮಟ್ಟದಲ್ಲೂ ಸರಿ, ಕೊನೆಯ ಒಟ್ಟಿನಲ್ಲೂ ಸರಿ. ಬಾಡಿಗೆ ಇರುವುದು ಚೀಟಿ ಟೇಬಲ್ಲಿನಲ್ಲಿ, ಅಲ್ಲಿ ಅದು ಒಂದೇ ಸಲ ಇದೆ, ಹಾಗಾಗಿ ಒಂದೇ ಸಲ ಕೂಡುತ್ತದೆ. ಬಗೆಗಳ ಕ್ರಮ ಅಕಾರಾದಿಯಾಗಿ ಬಂದು ಈ ಚೀಟಿಯಲ್ಲಿ ಕರಿಗೋಟು ಎಲ್ಲಕ್ಕಿಂತ ಮೇಲೆ ಕೂರುತ್ತದೆ. ವ್ಯಾಪಾರದ ಕ್ರಮದಲ್ಲಿ ಬೇಕಾದರೆ ಸಾಲು ಟೇಬಲ್ಲಿನಲ್ಲಿ ಪ್ರತಿ ಬಗೆಗೂ ಅದರ ಕ್ರಮದ ನಂಬರು ಕೊಡುವ ಒಂದು ಕಾಲಮ್ ಇಟ್ಟು ಸಾರ್ಟ್ ಬೈ ಕಾಲಮ್ ಕೊಟ್ಟರಾಯಿತು.

ಆದರೆ ಮ್ಯಾಟ್ರಿಕ್ಸಿನಲ್ಲಿ ಬಗೆಯ ಮಟ್ಟಕ್ಕೆ ಬಿಚ್ಚಿದಾಗ ಚಾಲಿಯ ಎದುರೂ 300, ಪಟೋರದ ಎದುರೂ 300, ಕರಿಗೋಟಿನ ಎದುರೂ 300 ಕಾಣಿಸುತ್ತದೆ. ನೋಡಿದವರು ಗಾಬರಿಯಾಗುತ್ತಾರೆ. ಇದು ಪ್ರೋಗ್ರಾಮಿನ ತಪ್ಪಲ್ಲ. ಫಿಲ್ಟರ್, ಅಂದರೆ ಇಷ್ಟೇ ತೋರಿಸು ಎನ್ನುವ ಆಯ್ಕೆ, ಹರಿಯುವುದು ಒಂದರ ಕಡೆಯಿಂದ ಹಲವಿನ ಕಡೆಗೆ, ಚೀಟಿಯಿಂದ ಸಾಲಿಗೆ, ಗುಡ್ಡದಿಂದ ಬಯಲಿಗೆ ನೀರು ಇಳಿದ ಹಾಗೆ. ಸಾಲಿನಿಂದ ಚೀಟಿಗೆ ಮೇಲೆ ಹತ್ತುವುದಿಲ್ಲ. ಚಾಲಿ ಎಂದು ಆರಿಸಿದ್ದು ಚೀಟಿ ಟೇಬಲ್ಲಿಗೆ ಗೊತ್ತೇ ಆಗುವುದಿಲ್ಲ, ಅದು ತನ್ನ ಪೂರ್ತಿ ಬಾಡಿಗೆಯನ್ನೇ ಕೊಡುತ್ತದೆ. ಇನ್ನು ಚೀಟಿಯನ್ನು ತೆಗೆದು ಬರೇ ಬಗೆಗಳನ್ನು ಮಾತ್ರ ಇಟ್ಟರೆ ಪ್ರತಿ ಬಗೆಯ ಎದುರು ಇಡೀ ತಿಂಗಳ ಬಾಡಿಗೆ ಬಂದು ಕೂರುತ್ತದೆ.

ಆಗ ಇಂಟರ್ನೆಟ್ಟಿನಲ್ಲಿ ಹುಡುಕಿದವರಿಗೆ ಸಿಗುವ ಮೊದಲ ಉಪಾಯ ಫಿಲ್ಟರನ್ನು ಎರಡೂ ದಿಕ್ಕಿಗೆ ಹರಿಯುವಂತೆ ಮಾಡುವುದು. ಮಾಡಬೇಡಿ ಎನ್ನುತ್ತೇನೆ ನಾನು. ಮಾಡಿದರೆ ಚಾಲಿ ಇರುವ ಚೀಟಿಗಳ ಬಾಡಿಗೆ ಚಾಲಿಯ ಎದುರು, ಪಟೋರ ಇರುವ ಚೀಟಿಗಳದ್ದು ಪಟೋರದ ಎದುರು ಬರುತ್ತದೆ. ನೋಡಲು ಸರಿ ಅನ್ನಿಸುತ್ತದೆ. ಆದರೆ ಒಂದೇ ಚೀಟಿಯಲ್ಲಿ ಎರಡೂ ಇದ್ದರೆ ಅದರ ಬಾಡಿಗೆ ಎರಡೂ ಕಡೆ ಕಾಣುತ್ತದೆ, ಮೇಲಿನ ಸಾಲು ಕೂಡಿಸಿದರೆ ಕೆಳಗಿನ ಒಟ್ಟಿಗಿಂತ ಜಾಸ್ತಿಯಾಗುತ್ತದೆ. ಟೇಬಲ್ಲುಗಳು ಹೆಚ್ಚಾದಂತೆ ಒಂದರಿಂದ ಇನ್ನೊಂದಕ್ಕೆ ಎರಡು ದಾರಿ ಆಗಿ ಗೊಂದಲ ಬೇರೆ. ಇಂಥ ಬಗೆ ಎಷ್ಟು ಚೀಟಿಯಲ್ಲಿ ಬಂದಿದೆ ಎನ್ನುವುದು ಮಾತ್ರ ಬೇಕಾದರೆ ಸಾಲು ಟೇಬಲ್ಲಿನಲ್ಲೇ ಚೀಟಿ ಕೀಲಿಯ ಡಿಸ್ಟಿಂಕ್ಟ್ ಕೌಂಟ್ (ಒಂದೇ ಕೀಲಿ ಎಷ್ಟು ಸಲ ಬಂದರೂ ಒಂದೇ ಸಲ ಎಣಿಸುವುದು) ತೆಗೆದುಕೊಳ್ಳಿ, ದಿಕ್ಕು ಬದಲಿಸಬೇಕಾಗಿಯೇ ಇಲ್ಲ.

ಬಾಡಿಗೆಯನ್ನು ಬಗೆಗಳಿಗೆ ನಿಜವಾಗಿ ಹಂಚಬೇಕು ಎಂದಾದರೆ ಹೇಗೆ ಹಂಚುವುದು ಎಂದು ಅಂಗಡಿಯವರೇ ಹೇಳಬೇಕು, ಕಂಪ್ಯೂಟರ್ ಹೇಳುವುದಲ್ಲ. ತೂಕದ ಲೆಕ್ಕದಲ್ಲಿ ಹಂಚುವುದು ನ್ಯಾಯ. ನಮ್ಮ ಚೀಟಿಯಲ್ಲಿ 60 ಕಿಲೋಗೆ 300 ರೂಪಾಯಿ, ಅಂದರೆ ಕಿಲೋಗೆ 5. ಚಾಲಿಗೆ 200, ಪಟೋರಕ್ಕೆ 60, ಕರಿಗೋಟಿಗೆ 40. ಕೂಡಿಸಿದರೆ ಮತ್ತೆ 300. ಪವರ್ ಬಿಐಯ ಫಾರ್ಮುಲಾ ಭಾಷೆ ಡ್ಯಾಕ್ಸ್‌ನಲ್ಲಿ ಇದಕ್ಕೆ ಎರಡು ಫಂಕ್ಷನ್ ಸಾಕು. ಸಮ್‌ಎಕ್ಸ್ ಒಂದೊಂದೇ ಸಾಲಿನ ಮೇಲೆ ನಡೆಯುತ್ತದೆ, ರಿಲೇಟೆಡ್ ಆ ಸಾಲಿನ ಚೀಟಿಯಿಂದ ಬಾಡಿಗೆ ಮತ್ತು ಚೀಟಿಯ ಒಟ್ಟು ತೂಕವನ್ನು ತಂದುಕೊಡುತ್ತದೆ. ಒಟ್ಟು ತೂಕ ಚೀಟಿ ಟೇಬಲ್ಲಿನಲ್ಲಿ ಇಲ್ಲದಿದ್ದರೆ ರಿಲೇಟೆಡ್‌ಟೇಬಲ್ ಬಳಸಿ ಒಂದು ಕಾಲಮ್ ಮಾಡಿಟ್ಟುಕೊಳ್ಳಿ. ಹೀಗೆ ಹಂಚಿದ ಬಾಡಿಗೆ ಯಾವ ಮಟ್ಟದಲ್ಲಿ ನೋಡಿದರೂ ತಾಳೆಯಾಗುತ್ತದೆ.

ಒಂದು ಚೀಟಿಗೆ ಎರಡು ರೀತಿಯ ಮಕ್ಕಳಿದ್ದರೆ ಏನು ಗತಿ? ಇದನ್ನು ನೋಡಿದ ಮೇಲೆಯೇ ನನಗೆ ಈ ಟೂಲ್ ಮೇಲೆ ಪೂರ್ತಿ ವಿಶ್ವಾಸ ಬಂದದ್ದು. ಅದೇ ಚೀಟಿಯ 15,900 ರೂಪಾಯಿಯನ್ನು ಅಂಗಡಿಯವರು ಎರಡು ಕಂತಿನಲ್ಲಿ ಕೊಟ್ಟರು ಎನ್ನೋಣ, 10,000 ಬ್ಯಾಂಕಿಗೆ, 5,900 ನಗದು. ಚೀಟಿಯ ಕೆಳಗೆ ಬಗೆಯ ಸಾಲು ಮೂರು, ಪಾವತಿಯ ಸಾಲು ಎರಡು. ಇದೆಲ್ಲವನ್ನೂ ಒಂದೇ ಹಾಳೆಗೆ ಸೇರಿಸಿದರೆ ಮೂರೆರಡಲ ಆರು ಸಾಲಾಗುತ್ತದೆ. ಅಡಿಕೆಯ ಮೊತ್ತ ಎರಡರಷ್ಟಾಗಿ 42,400, ಪಾವತಿ ಮೂರರಷ್ಟಾಗಿ 47,700. ಕೊಡಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟಾಗಿದೆ ಎಂದು ತೋರಿಸುತ್ತದೆ ಅದು. ಪವರ್ ಬಿಐಯಲ್ಲಿ ಪಾವತಿಯನ್ನು ಮೂರನೇ ಟೇಬಲ್ ಮಾಡಿ ಚೀಟಿಗೆ ಇನ್ನೊಂದು ಗೆರೆ ಎಳೆದರಾಯಿತು. ಬಗೆಯ ಸಾಲುಗಳ ಟೇಬಲ್ಲಿಗೂ ಪಾವತಿಯ ಟೇಬಲ್ಲಿಗೂ ನಡುವೆ ಗೆರೆ ಬೇಡ. ಅಡಿಕೆಯ ಮೊತ್ತ ಒಂದು ಮೆಷರ್ (ರಿಪೋರ್ಟಿನಲ್ಲಿ ಲೆಕ್ಕ ಹಾಕುವ ಫಾರ್ಮುಲಾ), ಪಾವತಿ ಒಂದು ಮೆಷರ್, ಎಡ್ವಾನ್ಸ್ ಮತ್ತು ಬಾಡಿಗೆ ಒಂದೊಂದು ಮೆಷರ್, ಕಳೆದರೆ ಬಾಕಿ. ಚೀಟಿಯ ಮಟ್ಟದಲ್ಲಿ ನಾಲ್ಕೂ ಒಂದೇ ಗೆರೆಯಲ್ಲಿ ಬರುತ್ತವೆ, ಯಾವುದೂ ಇನ್ನೊಂದನ್ನು ಗುಣಿಸುವುದಿಲ್ಲ. ಕೃಷಿಕರು ಬಂದು "ಅಣ್ಣಾ, ನನ್ನದು ಬಾಕಿ ಎಷ್ಟುಂಟು?" ಎಂದು ಕೇಳಿದರೆ ಪುಸ್ತಕ ಮಗುಚದೆ ಹೇಳಬಹುದು.

ತಂದೆತಾಯಿ ಇಲ್ಲದ ಮಕ್ಕಳ ವಿಷಯದಲ್ಲೂ ಇದು ಪ್ರಾಮಾಣಿಕ. ಸಾಲು ಇದೆ, ಅದರ ಚೀಟಿ ಫೈಲಿನಲ್ಲಿ ಬಂದಿಲ್ಲ ಎಂದಾದರೆ ಆ ಸಾಲನ್ನು ಬಿಟ್ಟುಬಿಡುವುದಿಲ್ಲ. ಬ್ಲ್ಯಾಂಕ್ ಎನ್ನುವ ಒಂದು ಸಾಲಿನ ಕೆಳಗೆ ತಂದು ತೋರಿಸುತ್ತದೆ, ಒಟ್ಟಿನಲ್ಲೂ ಸೇರಿಸುತ್ತದೆ. ಕೆಲವರು ಆ ಬ್ಲ್ಯಾಂಕ್ ಚಂದ ಕಾಣುವುದಿಲ್ಲ ಎಂದು ಫಿಲ್ಟರ್ ಹಾಕಿ ಅಡಗಿಸುತ್ತಾರೆ. ಅಡಗಿಸಬೇಡಿ, ಅದನ್ನು ಹಿಡಿದುಕೊಂಡು ಯಾವ ಅಂಗಡಿಯ ಯಾವ ಚೀಟಿ ಬಿಟ್ಟುಹೋಗಿದೆ ಎಂದು ಹುಡುಕಿ. ಅದರ ಉಲ್ಟಾ, ಅಂದರೆ ಚೀಟಿ ಇದೆ ಆದರೆ ಕೆಳಗೆ ಒಂದೂ ಸಾಲಿಲ್ಲ ಎನ್ನುವುದು ಸುಲಭಕ್ಕೆ ಕಾಣುವುದಿಲ್ಲ. ಮ್ಯಾಟ್ರಿಕ್ಸಿನಲ್ಲಿ ಅಡಿಕೆಯ ಮೊತ್ತ ಮಾತ್ರ ಇದ್ದರೆ ಆ ಚೀಟಿ ಕಾಣೆಯಾಗುತ್ತದೆ. ಚೀಟಿ ಟೇಬಲ್ಲಿನಲ್ಲಿ ಸಾಲುಗಳ ಎಣಿಕೆಯ ಒಂದು ಕಾಲಮ್ ಮಾಡಿ, ಅದು ಖಾಲಿ ಇರುವ ಚೀಟಿಗಳನ್ನೇ ಒಂದು ಪುಟದಲ್ಲಿ ತೋರಿಸಿ. ನಾನು ಮಾಡುವ ಎಲ್ಲ ರಿಪೋರ್ಟಿನಲ್ಲೂ ಈ ಎರಡು ತಪಾಸಣೆಯ ಪುಟ ಕೊನೆಗೆ ಇದ್ದೇ ಇರುತ್ತದೆ.

ಇಷ್ಟರವರೆಗೆ ಹೇಳಿದ್ದು ಎರಡು ಬೇರೆ ಟೇಬಲ್ಲಿನ ಸಂಬಂಧ. ಒಂದೇ ಟೇಬಲ್ಲಿನ ಒಳಗೆ ಒಂದರ ಕೆಳಗೆ ಒಂದು ಬರುವುದು ಇನ್ನೊಂದು ರೀತಿ. ನಮ್ಮಲ್ಲಿ ತರವಾಡು ಮನೆಯ, ಅಂದರೆ ಕುಟುಂಬದ ಮೂಲ ಮನೆಯ ಲೆಕ್ಕ ಅಂಥದ್ದು. ತರವಾಡಿನ ಹೆಸರಲ್ಲಿ ಒಂದು ಖಾತೆ, ಅದರ ಕೆಳಗೆ ಅಣ್ಣತಮ್ಮಂದಿರ ಖಾತೆ, ಒಬ್ಬ ತಮ್ಮನ ಕೆಳಗೆ ಅವನ ಮಗನದ್ದು. ಪ್ರತಿ ಖಾತೆಗೆ ಒಂದು ಐಡಿ, ಮತ್ತೆ ಅದರ ಮೇಲಿನ ಖಾತೆಯ ಐಡಿ. ಯಾರ ಕೆಳಗೆ ಎಷ್ಟು ಹಂತ ಇದೆ ಎಂದು ಮೊದಲೇ ಹೇಳಲಾಗುವುದಿಲ್ಲ.

ಇದಕ್ಕೆ ಪವರ್ ಬಿಐಯಲ್ಲಿ ಒಂದು ಗುಂಡಿ ಒತ್ತಿದರೆ ಆಗುವ ವ್ಯವಸ್ಥೆ ಇಲ್ಲ. ಫಂಕ್ಷನ್ನುಗಳಿವೆ, ಕೆಲಸ ನಾವೇ ಮಾಡಬೇಕು. ಪಾತ್ ಎನ್ನುವ ಫಂಕ್ಷನ್ ಬುಡದಿಂದ ತುದಿಯವರೆಗಿನ ಐಡಿಗಳನ್ನು ನಡುವೆ ಒಂದು ನೆಟ್ಟನೆಯ ಗೆರೆ ಹಾಕಿ ಸಾಲಾಗಿ ಬರೆದುಕೊಡುತ್ತದೆ. ಪಾತ್‌ಐಟಂ ಅದರಲ್ಲಿ ಎಷ್ಟನೆಯದು ಬೇಕೋ ಅದನ್ನು ತೆಗೆದುಕೊಡುತ್ತದೆ, ಲುಕಪ್‌ವ್ಯಾಲ್ಯೂ ಆ ಐಡಿಯ ಹೆಸರು ಹುಡುಕಿಕೊಡುತ್ತದೆ. ಹಂತ ಒಂದು, ಹಂತ ಎರಡು, ಹಂತ ಮೂರು ಎಂದು ಕಾಲಮ್ ಮಾಡಿ ಮ್ಯಾಟ್ರಿಕ್ಸಿನಲ್ಲಿ ಒಂದರ ಕೆಳಗೆ ಒಂದು ಇಡಬೇಕು. ಹೆಚ್ಚೆಂದರೆ ಎಷ್ಟು ಹಂತ ಎಂದು ನೀವೇ ಮೊದಲು ತೀರ್ಮಾನಿಸಬೇಕಾಗುತ್ತದೆ, ನಾಳೆ ಇನ್ನೊಂದು ತಲೆಮಾರು ಸೇರಿದರೆ ಇನ್ನೊಂದು ಕಾಲಮ್ ಸೇರಿಸಬೇಕು. ಮೇಲಿನ ಖಾತೆಯ ಐಡಿ ಎಂದು ಬರೆದದ್ದು ಐಡಿಗಳ ಕಾಲಮ್ಮಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ಪಾತ್ ಎರರ್ ಕೊಡುತ್ತದೆ. ಎಲ್ಲಕ್ಕಿಂತ ಮೇಲಿನ ತರವಾಡಿಗೆ ಆ ಜಾಗ ಖಾಲಿ ಬಿಡಬೇಕು.

ಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಎಲ್ಲರ ಕೆಳಗೂ ಮೂರು ಹಂತ ಇಲ್ಲವಲ್ಲ. ಎರಡೇ ಹಂತ ಇರುವವರ ಕೆಳಗೆ ಹೆಸರಿಲ್ಲದ ಖಾಲಿ ಸಾಲು ಬಿಚ್ಚಿಕೊಳ್ಳುತ್ತದೆ, ಅದರ ಎದುರು ಅದೇ ಮೊತ್ತ ಮತ್ತೊಮ್ಮೆ. ತರವಾಡಿನ ಹೆಸರಿನಲ್ಲೇ ಅಡಿಕೆ ಮಾರಿದ್ದರೆ ಅದರ ಸ್ವಂತ ಮೊತ್ತವೂ ಹೀಗೆಯೇ ಖಾಲಿ ಸಾಲಾಗಿ ಬರುತ್ತದೆ. ಪಾತ್‌ಲೆಂಗ್ತ್‌ನಿಂದ ಪ್ರತಿ ಖಾತೆಯ ಆಳ ತೆಗೆದಿಟ್ಟು, ಇಸ್‌ಇನ್‌ಸ್ಕೋಪ್‌ನಿಂದ ಈಗ ಎಷ್ಟನೇ ಹಂತ ಬಿಚ್ಚಿದೆ ಎಂದು ನೋಡಿ, ಬಿಚ್ಚಿದ ಹಂತ ಆಳಕ್ಕಿಂತ ಜಾಸ್ತಿಯಾದರೆ ಮೆಷರ್ ಬ್ಲ್ಯಾಂಕ್ ಕೊಡುವಂತೆ ಬರೆಯಬೇಕು. ಮೆಷರ್ ಖಾಲಿ ಇರುವ ಸಾಲನ್ನು ಮ್ಯಾಟ್ರಿಕ್ಸ್ ತಾನಾಗಿಯೇ ಮರೆ ಮಾಡುತ್ತದೆ. ಒಂದು ಸಲ ಕಲಿತರೆ ಎಲ್ಲ ಕಡೆ ಅದೇ ಅಚ್ಚು. ಆದರೂ ಡ್ಯಾಕ್ಸ್ ಹೊಸದಾಗಿ ಕಲಿಯುವವರಿಗೆ ಇದು ಸುಲಭ ಎಂದು ನಾನು ಹೇಳಲಾರೆ, ಇಷ್ಟು ಬೇಕಾಗುವ ಸಂಗತಿಗೆ ಇಷ್ಟು ಸುತ್ತು ಬಳಸಬೇಕಾಗಿರುವುದು ಈ ಟೂಲಿನ ದೊಡ್ಡ ಕೊರತೆ.

ಬೇರೆಯದರ ಜೊತೆ ಹೋಲಿಸಿ ಎಂದು ಕೇಳುವವರಿಗೆ ಎರಡು ಮಾತು. ಎಕ್ಸೆಲ್ಲಿನಲ್ಲಿ ವಿಲುಕಪ್ ಹಾಕಿ ಸಾಲಿಗೆ ಚೀಟಿಯ ತಾರೀಕು ತರುವುದು ಸರಿಯಾಗುತ್ತದೆ, ಚೀಟಿಗೆ ಅದರ ಸಾಲುಗಳನ್ನು ತರಲು ಹೋದರೆ ಮೊದಲು ಸಿಕ್ಕಿದ ಒಂದನ್ನು ಮಾತ್ರ ತರುತ್ತದೆ. ಆದರೆ ಎಕ್ಸೆಲ್ಲಿನ ಪವರ್ ಪಿವಟ್ ಬೇರೆ ಮಾತು. ಅದರಲ್ಲಿ ಇದೇ ರೀತಿ ಟೇಬಲ್ಲುಗಳ ನಡುವೆ ಸಂಬಂಧ, ಇದೇ ಡ್ಯಾಕ್ಸ್, ಪಾತ್ ಫಂಕ್ಷನ್ ಕೂಡ ಇದೆ. ಎಕ್ಸೆಲ್ ಬಿಟ್ಟು ಹೊರಗೆ ಬರಲು ಮನಸ್ಸಿಲ್ಲದವರು ಅಲ್ಲಿಂದ ಶುರು ಮಾಡಬಹುದು. ಗೂಗಲ್ಲಿನ ಲುಕರ್ ಸ್ಟುಡಿಯೋ ಬ್ರೌಸರಿನಲ್ಲೇ ನಡೆಯುತ್ತದೆ, ಹಂಚಿಕೊಳ್ಳಲು ಸುಲಭ. ಆದರೆ ಅಲ್ಲಿನ ಬ್ಲೆಂಡ್ ಎಂದರೆ ಟೇಬಲ್ಲುಗಳನ್ನು ಸೇರಿಸಿ ಒಂದು ಮಾಡುವುದೇ, ಚೀಟಿಯ ಬಾಡಿಗೆ ಮತ್ತೆ ಮೂರು ಸಲ ಕೂಡುವ ಅಪಾಯ ಹಾಗೇ ಇರುತ್ತದೆ. ಚೀಟಿ ಸಾಲಿನ ಲೆಕ್ಕಕ್ಕೆ ನಾನು ಅದನ್ನು ಹೇಳುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್ಟು ಎರಡರ ಅವಸ್ಥೆ ಎಲ್ಲರಿಗೂ ಗೊತ್ತು. ಡೆಸ್ಕ್‌ಟಾಪ್ ಆವೃತ್ತಿ ಕಂಪ್ಯೂಟರಿನಲ್ಲಿರುವ ಫೈಲಿನ ಮೇಲೆ ನೆಟ್ ಇಲ್ಲದೆಯೇ ಕೆಲಸ ಮಾಡುತ್ತದೆ, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರೆ ಸಾಕು. ಇದು ಸಣ್ಣ ಅನುಕೂಲ ಅಲ್ಲ. ಸಾಲುಗಳು ಲಕ್ಷಗಟ್ಟಲೆ ಆದಾಗ ಮಾತ್ರ ಚೀಟಿ ಕೀಲಿಯ ಸಂಬಂಧ ಸ್ವಲ್ಪ ಭಾರವಾಗುತ್ತದೆ. ಆಗ ತಾರೀಕು ಮತ್ತು ಕೃಷಿಕರ ಐಡಿಯನ್ನು ಸಾಲು ಟೇಬಲ್ಲಿಗೂ ಇಳಿಸಿ, ಅವುಗಳ ಟೇಬಲ್ಲಿಗೆ ಸಾಲಿನಿಂದ ನೇರ ಗೆರೆ ಎಳೆದು, ಚೀಟಿಗೂ ಸಾಲಿಗೂ ನಡುವಿನ ಗೆರೆ ತೆಗೆಯುವುದು ಒಳ್ಳೆಯದು. ಬಾಡಿಗೆ, ಎಡ್ವಾನ್ಸ್ ಮಾತ್ರ ಚೀಟಿಯಲ್ಲೇ ಇರಲಿ, ಅವನ್ನು ಇಳಿಸಬೇಡಿ.

ಪ್ರಿಂಟ್ ತೆಗೆಯುವುದು ಇದರ ಕೆಲಸ ಅಲ್ಲ ಎಂದೇ ತಿಳಿದುಕೊಳ್ಳಿ. ಪಿಡಿಎಫ್ ಮಾಡಿದರೆ ಪರದೆಯ ಮೇಲೆ ಕಂಡಷ್ಟೇ ಬರುತ್ತದೆ, ಮ್ಯಾಟ್ರಿಕ್ಸಿನಲ್ಲಿ ಕೆಳಗೆ ಸರಿಸಿ ನೋಡಬೇಕಾದದ್ದು ಬರುವುದಿಲ್ಲ. ಪ್ರತಿ ಕೃಷಿಕರಿಗೆ ಒಂದು ಪುಟ, ಅದರಲ್ಲಿ ಚೀಟಿ, ಚೀಟಿಯ ಕೆಳಗೆ ಬಗೆಗಳು, ಕಡೆಗೆ ಸಹಿಯ ಜಾಗ ಎಂದು ಬೇಕಾದರೆ ಪವರ್ ಬಿಐ ರಿಪೋರ್ಟ್ ಬಿಲ್ಡರ್ ಎನ್ನುವ ಇನ್ನೊಂದು ಪ್ರೋಗ್ರಾಮ್ ಇದೆ. ಅದನ್ನು ಇಳಿಸಿಕೊಳ್ಳುವುದಕ್ಕೂ ದುಡ್ಡಿಲ್ಲ, ಅದೂ ವಿಂಡೋಸಿಗೆ ಮಾತ್ರ. ಅದರಲ್ಲಿ ಚೀಟಿಯೊಳಗೆ ಸಬ್‌ರಿಪೋರ್ಟ್ ಹಾಕಿ ಸಾಲು ತೋರಿಸುವ ದಾರಿಯೊಂದಿದೆ. ಅದು ಪ್ರತಿ ಚೀಟಿಗೂ ಮತ್ತೆ ಡೇಟಾ ಕೇಳಲು ಹೋಗುತ್ತದೆ, ಚೀಟಿ ಹೆಚ್ಚಾದ ಹಾಗೆ ನಿಧಾನವಾಗುತ್ತದೆ. ಅದರ ಬದಲು ಒಂದೇ ಟೇಬಲ್ಲಿನಲ್ಲಿ ಕೃಷಿಕರ ಮೇಲೆ ಒಂದು ಗ್ರೂಪ್, ಚೀಟಿಯ ಮೇಲೆ ಒಂದು ಗ್ರೂಪ್ ಮಾಡಿ, ಕೃಷಿಕರ ಗ್ರೂಪಿಗೆ ಪೇಜ್ ಬ್ರೇಕ್ ಕೊಡಿ. ಬಾಡಿಗೆ ಮತ್ತು ಎಡ್ವಾನ್ಸನ್ನು ಚೀಟಿಯ ಗ್ರೂಪಿನ ಸಾಲಿನಲ್ಲಿ ಇಡಿ, ಬಗೆಯ ಸಾಲಿನಲ್ಲಿ ಇಡಬೇಡಿ.

ಡೆಸ್ಕ್‌ಟಾಪಿನಲ್ಲಿ ಕಟ್ಟಿದ ಮಾಡೆಲ್ಲಿಗೆ ರಿಪೋರ್ಟ್ ಬಿಲ್ಡರ್ ಜೋಡಿಸಬೇಕಾದರೆ ಮೊದಲು ಅದನ್ನು ಪಬ್ಲಿಷ್ ಮಾಡಿರಬೇಕು, ಅಂದರೆ ಪವರ್ ಬಿಐಯ ಆನ್‌ಲೈನ್ ಸೇವೆಗೆ ಏರಿಸಿರಬೇಕು. ಪಬ್ಲಿಷ್ ಮಾಡಲು ಜಿಮೇಲ್ ಐಡಿ ನಡೆಯುವುದಿಲ್ಲ, ಕಚೇರಿಯ ಅಥವಾ ಸಂಸ್ಥೆಯ ಖಾತೆ ಬೇಕು. ಬೇರೆಯವರ ಜೊತೆ ಹಂಚಿಕೊಳ್ಳಲು ಪ್ರೊ ಲೈಸೆನ್ಸ್ ಬೇಕು, ಅದರ ಬೆಲೆ 2025ರ ಏಪ್ರಿಲ್‌ನಿಂದ ತಿಂಗಳಿಗೆ ಒಬ್ಬರಿಗೆ 10 ಡಾಲರಿನಿಂದ 14 ಡಾಲರಿಗೆ ಏರಿದೆ. ಒಂದೇ ಅಂಗಡಿ, ಒಂದೇ ಕಂಪ್ಯೂಟರ್ ಇರುವವರು ಅದಕ್ಕೆ ದುಡ್ಡು ಹಾಕಬೇಕಾಗಿಲ್ಲ, ಡೆಸ್ಕ್‌ಟಾಪ್ ಫೈಲನ್ನೇ ತೆರೆದು ಯಜಮಾನರಿಗೆ ತೋರಿಸಿದರೆ ಕೆಲಸ ಆಗುತ್ತದೆ. ಎರಡು ಮೂರು ಊರಿನಲ್ಲಿ ಅಂಗಡಿ ಇದ್ದು, ಎಲ್ಲ ಕಡೆಯವರೂ ಕೂತಲ್ಲಿಂದಲೇ ಬಾಕಿ ನೋಡಬೇಕು ಎನ್ನುವವರು ಮಾತ್ರ ತೆಗೆದುಕೊಳ್ಳಿ, ಅದೂ ತಪಾಸಣೆಯ ಎರಡು ಪುಟ ಖಾಲಿ ಬರತೊಡಗಿದ ಮೇಲೆ.